ಎಲ್ಲ ಚೀಟಿಗಳ ಕಿಟಕಿ

ನಮ್ಮೂರಿನ ಅಂಗಡಿ ಬೀದಿ ಗುಡ್ಡ ಹತ್ತುತ್ತ ಹೋಗುತ್ತದೆ. ಎಲ್ಲಕ್ಕಿಂತ ಕೆಳಗೆ ಬೀಜದಂಗಡಿ, ಅದರ ಮೇಲೆ ಅಡುಗೆಯವರು, ಆಮೇಲೆ ಬಡಗಿ, ಕಮ್ಮಾರ, ತುತ್ತತುದಿಯಲ್ಲಿ ಬಣ್ಣದವರು. ಒಟ್ಟು ನೂರಾ ಹನ್ನೆರಡು ಮೆಟ್ಟಿಲು. ಬೇಕಾದ್ದನ್ನು ಚೀಟಿಯಲ್ಲಿ ಬರೆದು, ಬರೆದ ಮಾತಿನ ಆಚೆಗೊಂದು ಈಚೆಗೊಂದು ಪುಟ್ಟ ಗೀರು ಎಳೆದು, ನಾಲ್ಕಾಗಿ ಮಡಿಚಿ ಕೊಂಡೊಯ್ಯುವುದು ನಮ್ಮ ರೂಢಿ. ನೇರಳೆ ಎಂದು ಬರೆದ ಚೀಟಿಯನ್ನು ಬೀಜದ ಮುದ್ದಕ್ಕನ ಕೈಗಿಟ್ಟರೆ ಅದು ಒಂದು ಹಿಡಿ ನೇರಳೆ ಬೀಜವಾಗುತ್ತದೆ. ಅಂಥದೇ ಚೀಟಿ ಅಡುಗೆಯವರ ಕೈಗೆ ಹೋದರೆ ಒಂದು ಚೊಂಬು ಪಾನಕ, ಬಡಗಿಯ ಕೈಗೆ ಹೋದರೆ ನೇರಳೆ ಮರದ ಹಲಗೆ, ಬಣ್ಣದವರ ಕೈಯಲ್ಲಿ ಒಂದು ಗಡಿಗೆ ಬಣ್ಣ. ಏನು ಬರೆಯಬೇಕೆನ್ನುವುದು ಕೊಡುವವರ ಇಷ್ಟ. ಅದು ಏನಾಗಬೇಕೆನ್ನುವುದು ತೆಗೆದುಕೊಳ್ಳುವವರ ಕೈಯಲ್ಲಿದೆ. ಹೊಂದದ ಚೀಟಿ ಕೊಟ್ಟರೆ ಮಾತ್ರ ಕಷ್ಟ. ಯಾರೋ ಒಮ್ಮೆ ಕಮ್ಮಾರನಿಗೆ ಮಂಜು ಎಂದು ಬರೆದುಕೊಟ್ಟು, ಅದು ಚಿಟಿಕೆ ಬೂದಿಯಾಗಿ, ಪಾಪ ಅವನ ಹೆಬ್ಬೆರಳಿನಲ್ಲಿ ಬೊಕ್ಕೆ ಎದ್ದಿತ್ತು.

ಈ ಮೆಟ್ಟಿಲುಗಳ ಬಗ್ಗೆ ಯಾರೂ ಗೊಣಗಿದವರಲ್ಲ. ಆದರೆ ಊರ ಯಜಮಾನ ಚಂದ್ರಯ್ಯನವರ ಎಡಮಂಡಿ ಹಿಡಿದುಕೊಂಡ ವರ್ಷ ಅವರಿಗೆ ಇಡೀ ಊರಿನ ಮಂಡಿಗಳ ಚಿಂತೆ ಹತ್ತಿತು. ಜನ ಯಾಕೆ ಬೀದಿಯುದ್ದಕ್ಕೂ ಏರಬೇಕು, ಗುಡ್ಡದ ಬುಡದಲ್ಲೇ ಒಂದು ಕಿಟಕಿ ಮಾಡೋಣ, ಎಲ್ಲ ಬಗೆಯ ಚೀಟಿಯನ್ನೂ ಅಲ್ಲೇ ಕೊಡಲಿ, ಎಲ್ಲ ವಸ್ತುವೂ ಅಲ್ಲೇ ಸಿಗಲಿ ಎಂದರು. ಎಲ್ಲರೂ ತಲೆದೂಗಿದರು. ಅಲ್ಲಿ ಕೂರಿಸುವುದಕ್ಕೆ ಯಾರನ್ನು ಹುಡುಕುವುದು? ಮುದ್ದಕ್ಕನಂಥವಳು ಆಗದು. ಅವಳು ಹೆಸರಿಗಷ್ಟೇ ಮುದ್ದು; ಚೀಟಿ ಹಿಡಿದು ಬಂದವರನ್ನು ಸಾಲ ಕೇಳಲು ಬಂದವರ ಹಾಗೆ ನೋಡುತ್ತಾಳೆ, ಬೀಜ ಬಿಟ್ಟು ಬೇರೆ ಮಾತೆತ್ತಿದರೆ ಸಿಡಿಯುತ್ತಾಳೆ. ಯಾವ ಚೀಟಿ ಕೊಟ್ಟರೂ ಮುಖ ಸಿಂಡರಿಸದೆ, ನಗುನಗುತ್ತ ತೆಗೆದುಕೊಳ್ಳುವವರು ಬೇಕು ಎಂದರು ಯಜಮಾನರು. ಸಭೆಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ನಾನೆಂದರೆ ಚೆನ್ನಾಜಿ, ಬೋರಣ್ಣನ ತಂಗಿ. ಆಗ ನನಗೆ ನಲವತ್ತಮೂರು. ಅಣ್ಣನ ಮನೆಯಲ್ಲಿ ನನ್ನಷ್ಟು ಹಗುರವಾಗಿ ಬದುಕಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಯಾವ ಸೀರೆ ತರಲಿ ಎಂದರೆ ಯಾವುದಾದರೂ ಸರಿ. ಯಾವ ಮೂಲೆಯಲ್ಲಿ ಹಾಸಿಗೆ ಹಾಕಲಿ ಎಂದರೆ ಎಲ್ಲಾದರೂ ಸರಿ. ಅತ್ತಿಗೆ ಪುಟ್ಟತಾಯಿ ತಾನು ಮಾಡಿದ ಅಡುಗೆ ಹೇಗಿದೆ ಎಂದು ಇಪ್ಪತ್ತು ವರ್ಷ ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟಳು. ಇದನ್ನು ಊರವರು ಒಳ್ಳೆಯ ಗುಣ ಎಂದರು, ನಾನೂ ಹಾಗೇ ನಂಬಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಕಿಟಕಿ ನನಗೇ ಸಿಕ್ಕಿತೆಂದಾಗ ಒಳಗೊಳಗೇ ಹಿಗ್ಗಿದೆ.

ಮೊದಲ ದಿನ ಸಾಲು ಹುಣಸೆಮರದ ತನಕ ನಿಂತಿತ್ತು. ಮೊದಲನೆಯ ಚೀಟಿ ಅರಿಶಿನ. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಚೀಟಿ ಕೈಯಲ್ಲಿ ಚೀಟಿಯಾಗಿಯೇ ಕೂತಿತು. ತಡವಾಗಬಹುದೆಂದು ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದುಕೊಂಡೆ, ಮೂರನೆಯದನ್ನೂ. ಮಧ್ಯಾಹ್ನದ ಹೊತ್ತಿಗೆ ನನ್ನ ಮುಂದೆ ಎಂಬತ್ತು ಚೀಟಿಗಳು ಬಿದ್ದಿದ್ದವು. ಒಂದೂ ಬೂದಿಯಾಗಲಿಲ್ಲ, ಒಂದೂ ವಸ್ತುವಾಗಲಿಲ್ಲ. ನಮ್ಮ ಜನ ಒಳ್ಳೆಯವರು, ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಕಿಟಕಿಯ ಮರ ಇನ್ನೂ ಹಸಿ ಇದೆ ಎಂದರು. ದಿಕ್ಕು ಸರಿಯಿಲ್ಲ ಎಂದರು. ಯಜಮಾನರು ಕುಂಟುತ್ತ ಬಂದು ಚೌಕಟ್ಟಿಗೆ ಕುಂಕುಮ ಹಚ್ಚಿ, ನಾಳೆ ಸರಿಹೋಗುತ್ತದೆ ಎಂದು ನನಗೇ ಸಮಾಧಾನ ಹೇಳಿ ಹೋದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಯಾಕೆಂದರೆ ನನ್ನ ಕೈಯಲ್ಲಿ ಚೀಟಿ ಚೀಟಿಯಾಗಿಯೇ ಉಳಿದದ್ದು ಅದೇ ಮೊದಲಲ್ಲ. ನಮ್ಮೂರ ಮದುವೆಯಲ್ಲಿ ಹಾರ ಬದಲಾಯಿಸುವುದಿಲ್ಲ, ಚೀಟಿ ಬದಲಾಯಿಸುತ್ತಾರೆ. ಗಂಡು ಬರೆದದ್ದು ಹೆಣ್ಣಿನ ಕೈಯಲ್ಲಿ, ಹೆಣ್ಣು ಬರೆದದ್ದು ಗಂಡಿನ ಕೈಯಲ್ಲಿ ಏನಾದರೊಂದು ವಸ್ತುವಾಗಬೇಕು. ಊಟದ ಪಂಕ್ತಿಯ ಕೊನೆಯ ಎಲೆ ಮಡಿಚುವುದರೊಳಗೆ ಆಗಬೇಕು. ಆಗದಿದ್ದರೆ ಮದುವೆ ಇಲ್ಲ, ಬಂದವರು ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ನನಗೆ ಇಪ್ಪತ್ತೆರಡಾಗಿದ್ದಾಗ ಮಹದೇವು ಎಂಬ ಒಳ್ಳೆಯ ಹುಡುಗ ನನ್ನ ಕೈಗೆ ಚೀಟಿ ಕೊಟ್ಟು, ಅದು ಹಾಗೇ ಉಳಿದು, ತಾನೇ ಏನೋ ತಪ್ಪು ಬರೆದೆನೆಂದು ಅಳುತ್ತ ಹೋಗಿದ್ದ. ಎರಡು ವರ್ಷದ ಮೇಲೆ ಅವನು ಬರೆದ ಚೀಟಿ ಇನ್ನೊಬ್ಬಳ ಕೈಯಲ್ಲಿ ಕ್ಷಣಮಾತ್ರದಲ್ಲಿ ಹಿತ್ತಾಳೆಯ ಹಂಡೆಯಾಯಿತು. ಆ ಹಂಡೆಯ ಸುದ್ದಿ ಕೇಳಿದ ದಿನವೇ ನನಗೆ ಅರ್ಥವಾಗಬೇಕಿತ್ತು. ನಾನು ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ಈಗ ಇಪ್ಪತ್ತೊಂದು ವರ್ಷದ ಮೇಲೆ ಮತ್ತೊಮ್ಮೆ ಮದುವೆ ಗೊತ್ತಾಗಿತ್ತು. ಬಣ್ಣದ ಈರಭದ್ರ, ಹೆಂಡತಿ ತೀರಿಹೋಗಿ ಎಂಟು ವರ್ಷವಾದವನು, ಮೊಣಕೈ ತನಕ ನೀಲಿ ಹತ್ತಿದ ಕೈಗಳನ್ನು ಹಿಂದೆ ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು, ಅಣ್ಣನನ್ನು ಕೇಳದೆ ನೇರ ನನ್ನನ್ನೇ ಕೇಳಿದ್ದ. ಅವನು ಹೆಚ್ಚು ಮಾತಿನವನಲ್ಲ. ಅವನ ನಡಿಗೆ, ಅವನು ಬಟ್ಟೆ ಒಣಹಾಕುವಾಗ ತುದಿಗಳನ್ನು ಎಳೆದು ಸರಿಮಾಡುವ ರೀತಿ ನನಗೆ ಇಷ್ಟವಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮದುವೆಗೆ ಇನ್ನು ಹದಿನೈದು ದಿನ. ಈ ಸಲವೂ ಚೀಟಿ ಸುಮ್ಮನೆ ಉಳಿದರೆ ಮೂರನೆಯ ಸಲ ಕೇಳುವವರು ಯಾರೂ ಇರುವುದಿಲ್ಲ. ಇದ್ದರೂ ನನಗೆ ಬೇಕಾಗಿದ್ದವನು ಈರಭದ್ರನೇ.

ಸಂಜೆ ಕಿಟಕಿ ಮುಚ್ಚುವಾಗ ಮುದ್ದಕ್ಕ ಬಂದಳು. ಹೊಸ ಕಿಟಕಿಯಿಂದಾಗಿ ಅವಳ ಅಂಗಡಿಗೆ ಅವತ್ತು ಒಬ್ಬರೂ ಬಂದಿರಲಿಲ್ಲ, ಮುಖ ಗಡಿಗೆಯಾಗಿತ್ತು. ನನ್ನ ಮುಂದಿದ್ದ ರಾಶಿಯಿಂದ ಒಂದು ಚೀಟಿ ಎತ್ತಿಕೊಂಡಳು. ಮಡಿಕೆ ಬಿಚ್ಚುವ ಮೊದಲೇ ಅವಳ ಬೆರಳ ಸಂದಿಯಿಂದ ಬಿತ್ತನೆಯ ಅರಿಶಿನಕೊಂಬು ಇಣುಕಿತು. ಅದನ್ನು ನನ್ನ ಮಡಿಲಿಗೆ ಹಾಕಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಚೀಟಿ ತಗೊಳ್ಳೋವಾಗ ನಿನ್ನ ಮನಸಲ್ಲಿ ಏನಿತ್ತು?" ಎಂದು ಕೇಳಿದಳು.

ಏನಿರುತ್ತೆ, ಏನಾದರೂ ಆಗಲಿ ಅಂತ ಇತ್ತು, ಎಂದೆ.

"ಅದಕ್ಕೇ ಏನೂ ಆಗಲಿಲ್ಲ. ಅದು ಪಾಪ ಏನಾಗಬೇಕು ಅಂತ ನಿನ್ನ ಮುಖ ನೋಡ್ತಾ ಕೂತಿದೆ, ನೀನು ಅದರ ಮುಖ ನೋಡ್ತಾ ಕೂತಿದೀಯ. ನಾನು ಮೂವತ್ತು ವರ್ಷದಿಂದ ಮುಖ ಗಂಟು ಹಾಕ್ಕೊಂಡು ಕೂತಿರೋದು ಸುಮ್ನೆ ಅಂದ್ಕೊಂಡ್ಯಾ? ನಂಗೆ ಬೀಜ ಬೇಕು. ದೇವರೇ ಬಂದು ಚೀಟಿ ಕೊಟ್ಟರೂ ನಂಗೆ ಬೀಜಾನೇ ಬೇಕು."

ನಾನು ಅವಳ ಮುಂದೆಯೇ ಪ್ರಯತ್ನಪಟ್ಟೆ. ಸೌತೆ ಎಂಬ ಚೀಟಿ ಹಿಡಿದು, ಬೀಜ ಬೀಜ ಎಂದು ಕಣ್ಣುಮುಚ್ಚಿ ಜಪಿಸಿದೆ. ಚೀಟಿಯ ಒಂದು ಮೂಲೆ ಉಬ್ಬಿತು. ಅಷ್ಟರಲ್ಲಿ, ಕೊಟ್ಟವರಿಗೆ ಪಲ್ಯ ಬೇಕಿತ್ತೇನೋ ಎನ್ನಿಸಿತು. ಮೂಲೆ ಮತ್ತೆ ಚಪ್ಪಟೆಯಾಯಿತು. ಮುದ್ದಕ್ಕ ಹಣೆ ಚಚ್ಚಿಕೊಂಡಳು. ಆದರೆ ಅದರಿಂದಲೇ ಅವಳಿಗೊಂದು ಉಪಾಯ ಹೊಳೆಯಿತು. ನಾಳೆಯಿಂದ ಚೀಟಿ ಕೊಡುವವರೇ ಬಾಯಿಬಿಟ್ಟು ಹೇಳಲಿ, ಇದು ಬೀಜಕ್ಕೆ, ಇದು ಅಡುಗೆಗೆ, ಇದು ಬಣ್ಣಕ್ಕೆ ಎಂದು. ಅವರು ಹೇಳಿದ್ದನ್ನು ನೀನು ಬಯಸಿದರೆ ಸಾಕು ಎಂದಳು.

ಮಾರನೆಯ ದಿನ ಹಾಗೇ ಮಾಡಿದೆವು. ಬಣ್ಣಕ್ಕೆ ಎಂದರೆ ಬಣ್ಣ, ಹಲಗೆಗೆ ಎಂದರೆ ಹಲಗೆ. ಹೇಳಿದ್ದನ್ನು ಮಾಡುವುದರಲ್ಲಿ ನನ್ನನ್ನು ಮೀರಿಸುವವರುಂಟೇ? ಮಧ್ಯಾಹ್ನಕ್ಕೆ ಹಿಂದಿನ ದಿನ ಉಳಿದಿದ್ದ ಚೀಟಿಗಳೆಲ್ಲ ಮುಗಿದವು. ಯಜಮಾನರು ತಾವು ಹಚ್ಚಿದ ಕುಂಕುಮವನ್ನು ಎಲ್ಲರಿಗೂ ತೋರಿಸಿದರು. ಮುದ್ದಕ್ಕನ ಅಂಗಡಿಗೂ ಜನ ಮತ್ತೆ ಹೋಗತೊಡಗಿದರು, ಏಕೆಂದರೆ ಬಾಯಿಬಿಟ್ಟು ಹೇಳಲು ನಾಚುವವರಿಗೆ ಅವಳ ಗಂಟುಮುಖವೇ ಸುಲಭವಾಗಿತ್ತು. ಊರಿಗೆ ಊರೇ ಖುಷಿಯಾಗಿದ್ದಾಗ ನಾನೂ ಎರಡು ದಿನ ಖುಷಿಯಾಗಿಯೇ ಇದ್ದೆ. ಮೂರನೆಯ ದಿನ ಮುದ್ದಕ್ಕ ಕಿಟಕಿಯೊಳಗೆ ತಲೆ ತೂರಿಸಿ, ಮದುವೆಯಲ್ಲಿ ನಿನಗೆ ಯಾರೂ ಹೇಳಿಕೊಡುವ ಹಾಗಿಲ್ಲ, ನೆನಪಿದೆಯಾ ಎಂದು ಕೇಳಿ ಹೊರಟುಹೋದಳು. ಅದು ನಿಜ. ಚೀಟಿ ಕೈಗೆ ಬಂದ ಮೇಲೆ ಗಂಡುಹೆಣ್ಣಿಗೆ ಯಾರೂ ಏನೂ ಸೂಚನೆ ಕೊಡಬಾರದು. ಕೊಟ್ಟರೆ ಅದು ಸೂಚಿಸಿದವರ ಬಯಕೆಯೇ ಹೊರತು ಮದುವೆಯಾಗುವವರದಾಗುವುದಿಲ್ಲ.

ಉಳಿದ ಹನ್ನೆರಡು ದಿನ ನಾನು ಮನೆಯಲ್ಲಿ ಬಯಸುವುದನ್ನು ಅಭ್ಯಾಸ ಮಾಡಿದೆ. ಮೊದಲ ದಿನ ಬೆಳಗ್ಗೆ ಅತ್ತಿಗೆಗೆ, ನನಗೆ ಉಪ್ಪಿಟ್ಟು ಬೇಡ ಎಂದೆ. ಅವಳು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು, ಅಣ್ಣನನ್ನು ಕೂಗಿದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ, ಹಾಗಾದರೆ ಏನು ಬೇಕು ಎಂದು ಕೇಳಿದಳು. ಅಲ್ಲಿಗೆ ನನ್ನ ಅಭ್ಯಾಸ ನಿಂತಿತು. ಬೇಡ ಎನ್ನುವುದನ್ನು ಹೇಗೋ ಕಲಿತೆ. ಬೇಕು ಎಂದಮೇಲೆ ಮುಂದೇನು ಹೇಳಬೇಕೆಂದು ತೋಚಲಿಲ್ಲ. ಒಂದು ದಿನ ಕೆಂಪು ಬಳೆ ಎಂದೆ, ಅತ್ತಿಗೆಯ ಕೈಯಲ್ಲಿ ಅವು ಇದ್ದವೆಂದು. ಇನ್ನೊಂದು ದಿನ ಅವರೆಕಾಳು ಸಾರು ಎಂದೆ, ಅಣ್ಣನಿಗೆ ಅದು ಇಷ್ಟವೆಂದು. ಪುಟ್ಟತಾಯಿ ಬಳೆಯನ್ನೂ ತೊಡಿಸಿದಳು, ಸಾರನ್ನೂ ಮಾಡಿದಳು. ಆಮೇಲೆ ನನ್ನ ಪಕ್ಕ ಕೂತು, ಇವೆರಡೂ ನಿನ್ನವಲ್ಲ ಚೆನ್ನಾಜಿ ಎಂದು ಮೆಲ್ಲಗೆ ಹೇಳಿದಳು. ಆ ದಿನ ನಾನು ಅತ್ತೆ. ನಲವತ್ತಮೂರು ವರ್ಷ ನನ್ನ ಜೊತೆಗೇ ಇದ್ದ ಹೆಂಗಸಿನ ಪರಿಚಯವೇ ನನಗಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಎಂದರೆ, ನಾನು ಹೆದರಿಕೊಂಡಿದ್ದೆ. ಇಂಥದೇ ಬೇಕೆಂದು ಬಯಸಿ ಅದು ಹೊಂದದೆ ಹೋದರೆ ಕೈಯಲ್ಲಿ ಬೂದಿ. ಏನೂ ಬಯಸದವಳ ಕೈಯಲ್ಲಿ ಕಾಗದವಾದರೂ ಉಳಿಯುತ್ತದಲ್ಲ. ನನ್ನ ಒಳ್ಳೆಯ ಗುಣದ ಅಡಿಪಾಯ ಇಷ್ಟೇ ಆಗಿತ್ತು.

ಮದುವೆಯ ದಿನ ಬಿಸಿಲು ಹಿತವಾಗಿತ್ತು. ಗುಡ್ಡದ ಬುಡದ ಬಯಲಿನಲ್ಲಿ ಚಪ್ಪರ, ಒಂದು ಪಂಕ್ತಿಗೆ ಇನ್ನೂರು ಎಲೆ. ರೂಢಿಯಂತೆ ನಾವಿಬ್ಬರೂ ನಸುಕಿನಿಂದ ನಿಂತೇ ಇದ್ದೆವು. ಊಟಕ್ಕೆ ಬಡಿಸಲು ಶುರುಮಾಡಿದಾಗ ಚೀಟಿ ಬದಲಾಯಿಸಿಕೊಂಡೆವು. ನಾನು ಬಾಳೆ ಎಂದು ಬರೆದಿದ್ದೆ. ಬಣ್ಣದವನ ಕೈ, ಏನೋ ಒಂದು ಹೊಸ ಹಸಿರು ಬಣ್ಣವಾಗುತ್ತದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಈರಭದ್ರ ಮುಷ್ಟಿ ಬಿಗಿಹಿಡಿದು ತೆರೆದದ್ದೇ ತಡ, ಬಾಳೆನಾರಿನ ಹಗ್ಗ ಸುರುಳಿ ಸುರುಳಿಯಾಗಿ ಕಾಲ ಬಳಿ ಬಿದ್ದಿತು, ನಲವತ್ತು ಮಾರಾದರೂ ಇದ್ದೀತು. ಬಟ್ಟೆ ಒಣಹಾಕುವ ಹಳೆಯ ಹಗ್ಗ ಹೋದ ವಾರ ಕಿತ್ತುಹೋಗಿತ್ತಂತೆ. ಮದುವೆಯಲ್ಲಿ ಹಗ್ಗ ಬಯಸಿದ್ದಕ್ಕೆ ಎಲ್ಲರೂ ನಕ್ಕರು. ಅವನಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ನಿಂತಲ್ಲೇ ಅದರ ಹುರಿಯನ್ನು ಎಳೆದು ಗಟ್ಟಿಯಿದೆಯೇ ಎಂದು ನೋಡುತ್ತಿದ್ದ.

ನನ್ನ ಚೀಟಿಯಲ್ಲಿ ಬೇವು ಎಂದಿತ್ತು. ಅವನು ಯಾಕೆ ಇದನ್ನು ಬರೆದಿರಬಹುದು ಎಂದು ಯೋಚಿಸಿದೆ. ಬೇವಿನ ಕಡ್ಡಿಗಳೇ? ಔಷಧಿಯ ಎಣ್ಣೆಯೇ? ತೊಗಟೆಯಿಂದ ಬಣ್ಣ ಬರುತ್ತದೆಂದು ಕೇಳಿದ್ದೆ, ಅದೇ ಇರಬಹುದೇ? ಒಂದೊಂದನ್ನೂ ಬಯಸಿ ನೋಡಿದೆ. ಚೀಟಿ ಸ್ವಲ್ಪ ಬೆಚ್ಚಗಾಗುವುದು, ಮತ್ತೆ ತಣ್ಣಗಾಗುವುದು. ನಾನು ಹುಡುಕುತ್ತಿದ್ದುದು ಅವನ ಬಯಕೆಯನ್ನು. ಗೊತ್ತಿದ್ದೂ ಬಿಡಲಾಗಲಿಲ್ಲ.

ಪಂಕ್ತಿಯಲ್ಲಿ ಪಾಯಸ ಬಂತು, ಮಜ್ಜಿಗೆ ಬಂತು. ಮಜ್ಜಿಗೆಯಾದ ಮೇಲೆ ಏಳಬೇಕು. ಯಾರೂ ಏಳಲಿಲ್ಲ. ಯಾರೋ, ಇನ್ನೊಂದು ಸ್ವಲ್ಪ ಅನ್ನ ಎಂದರು. ಇನ್ನೊಬ್ಬರು, ಸಾರು ಚೆನ್ನಾಗಿದೆ, ಮತ್ತೆ ಹಾಕಿ ಎಂದರು. ಇನ್ನೂರು ಜನ ಮತ್ತೆ ಮೊದಲಿಂದ ಶುರುಮಾಡಿದರು. ಚೀಟಿಯ ಬಗ್ಗೆ ಮಾತಾಡುವಂತಿಲ್ಲವಲ್ಲ, ಅದಕ್ಕೆ ಹುರುಳಿಯ ಬಗ್ಗೆ, ಯಜಮಾನರ ಮಂಡಿಯ ಬಗ್ಗೆ, ಎಲೆಗೆ ಬಿದ್ದ ಹಪ್ಪಳದ ಬಗ್ಗೆ ಜೋರಾಗಿ ಮಾತಾಡುತ್ತ ನನಗೋಸ್ಕರ ಉಂಡರು. ಮೂರನೆಯ ಸುತ್ತಿಗೆ ಮಕ್ಕಳು ಮಲಗಿದರು. ನಾಲ್ಕನೆಯ ಸುತ್ತಿಗೆ ಯಜಮಾನರು ಕೈಮುಗಿದು ಎಲೆ ಮಡಿಚಿದರು. ಒಬ್ಬೊಬ್ಬರಾಗಿ ಸೋತರು. ಮುದ್ದಕ್ಕ ಆರನೆಯ ಸುತ್ತಿನ ತನಕ ನನ್ನತ್ತ ಗುರುಗುಟ್ಟಿ ನೋಡುತ್ತಲೇ ಉಂಡಳು. ಕೊನೆಗೆ ಉಳಿದದ್ದು ಒಂದೇ ಎಲೆ, ಬಡಗಿ ಕೆಂಪಯ್ಯ ಮಾವನದು. ನನ್ನ ಅಪ್ಪನ ಜೊತೆಗಾರ, ಕಡ್ಡಿಯಂಥ ಆಳು. ಒಂಬತ್ತನೆಯ ಸಲ ಸಟ್ಟುಗ ಬಂದಾಗ ಅವನ ಕಣ್ಣಲ್ಲಿ ನೀರಿತ್ತು. ಆದರೂ ಕೈಯಾಡಿಸಿ, ಹಾಕಿ ಎಂದ.

ಅದನ್ನು ನೋಡಿ ನನಗೆ ಜೀವ ಹಿಂಡಿದಂತಾಯಿತು. ಏನಾದರೂ ಆಗಿಬಿಡಲಿ, ಆ ಮುದುಕ ಎದ್ದರೆ ಸಾಕು ಎಂದುಕೊಂಡೆ. ತಕ್ಷಣ ಚೀಟಿ ಕಿಟಕಿಯ ಮೊದಲ ದಿನದಂತೆ ತಣ್ಣಗಾಗಿಬಿಟ್ಟಿತು. ಆಗ ನನಗೆ ಸಿಟ್ಟು ಬಂತು. ನನ್ನ ಮೇಲೆ, ಚೀಟಿಯ ಮೇಲೆ, ಈ ಊರಿನ ಮೇಲೆ. ಇನ್ನೂರು ಜನ ಆರಾಮವಾಗಿ ಕೂತು ಉಂಡರು, ಮದುವೆಯಾಗುವವರು ಮಾತ್ರ ಯಾಕೆ ನಿಂತಿರಬೇಕು? ನಸುಕಿನಿಂದ ನಿಂತು ನನ್ನ ಹಿಮ್ಮಡಿ ಸೀಳುತ್ತಿತ್ತು, ಮೀನಖಂಡ ಗಂಟುಕಟ್ಟಿತ್ತು, ಸೊಂಟ ನನ್ನದೇ ಅಲ್ಲವೆನ್ನುವ ಹಾಗೆ ಮರಗಟ್ಟಿತ್ತು. ಇಷ್ಟು ಹೊತ್ತು ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ನಾನು ಕೂರಬೇಕು. ಅನುಮಾನವೇ ಇಲ್ಲ, ನನಗೆ ಕೂರಬೇಕು. ಚಾಪೆಯ ಮೇಲಲ್ಲ, ಮಣೆಯ ಮೇಲಲ್ಲ. ಬೆನ್ನು ಚಾಚುವುದಕ್ಕೆ ಒರಗು ಬೇಕು. ಚೀಟಿ ಸುಡತೊಡಗಿತು. ಬೂದಿಯಾಗುತ್ತದೆ ಎಂಬ ಭಯಕ್ಕೆ ಯಾವುದಾದರೂ ಸರಿ ಎಂಬ ಹಳೆಯ ಮಾತು ಬಾಯಿಗೆ ಬಂದೇಬಿಟ್ಟಿತ್ತು, ನುಂಗಿಕೊಂಡೆ.

"ನಂಗೆ ಕುರ್ಚಿ ಬೇಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಒರಗು ಇರೋದು, ಕೈ ಇಡೋಕೆ ಜಾಗ ಇರೋದು. ದೊಡ್ಡದು ಬೇಡ. ನನಗೆ ಒಬ್ಬಳಿಗೆ ಆಗಬೇಕು."

ಬೇವಿನ ಮರದ ಕುರ್ಚಿ ನನ್ನ ಕೈಯಿಂದ ಜಾರಿ ಈರಭದ್ರನ ಕಾಲ್ಬೆರಳ ಮೇಲೆ ಬಿತ್ತು. ಅವನು ಹಗ್ಗ ಬಿಟ್ಟು ಕಾಲು ಹಿಡಿದುಕೊಂಡ. ಸಿಪ್ಪೆ ತೆಗೆದ ಹೊಸ ಮರದ ಕಹಿವಾಸನೆ ಚಪ್ಪರದ ತುಂಬ ಹರಡಿತು. ನಾನು ಅದನ್ನು ನೆಟ್ಟಗೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಕೂತೆ. ಒರಗು ಸರಿಯಾಗಿ ನನ್ನ ಬೆನ್ನಿನ ಅಳತೆಗೆ ಇತ್ತು. ಅಯ್ಯೋ, ಎಂಥ ಸುಖ. ಅಷ್ಟು ಜನರ ಎದುರು ಕಣ್ಣುಮುಚ್ಚಿ ಸುಮ್ಮನೆ ಉಸಿರುಬಿಟ್ಟೆ. ಕಣ್ಣು ತೆರೆದಾಗ ಅತ್ತಿಗೆ ಅಳುತ್ತಿದ್ದಳು, ಮುದ್ದಕ್ಕ ನಗುತ್ತಿದ್ದಳು. ಅವಳು ನಕ್ಕದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಕೆಂಪಯ್ಯ ಮಾವ ಕೊನೆಯ ಎಲೆ ಮಡಿಚಿ, ಇಬ್ಬರ ಹೆಗಲು ಹಿಡಿದು ಎದ್ದು, ಹೊಟ್ಟೆಯನ್ನು ನೀರು ತುಂಬಿದ ಕೊಡದ ಹಾಗೆ ಎರಡು ಕೈಯಲ್ಲೂ ಹೊತ್ತುಕೊಂಡು ನನ್ನ ಮುಂದೆ ಬಂದು ನಿಂತ. ಮುಖದಲ್ಲಿ ಬೆವರಿಳಿಯುತ್ತಿತ್ತು.

"ತಾಯಿ, ಒಂದ್ ಗಳಿಗೆ ಏಳವ್ವಾ," ಎಂದ. "ನಾ ಸ್ವಲ್ಪ ಕೂತ್ಕೋತೀನಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂಬತ್ತು ಸಲ ಉಂಡಿದ್ದ, ನನಗೋಸ್ಕರ. ನನ್ನ ಮಂಡಿಗಳು ನನ್ನನ್ನು ಕೇಳದೆ ಅರ್ಧ ಎದ್ದೇಬಿಟ್ಟಿದ್ದವು. ನಾನು ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಅವುಗಳನ್ನು ಮತ್ತೆ ಕೂರಿಸಿದೆ.

"ಇಲ್ಲ ಮಾವ," ಎಂದೆ. "ನಂಗೆ ಇನ್ನೂ ಕೂರಬೇಕು."

ಅವನು ಕುರ್ಚಿಯ ಒರಗನ್ನು ಬಡಗಿಯ ಕೈಯಿಂದ ಒಮ್ಮೆ ತಟ್ಟಿ ನೋಡಿ, ಕೂರು ಹಾಗಾದರೆ ಎಂದು, ಅದರ ಪಕ್ಕದಲ್ಲೇ ನೆಲದ ಮೇಲೆ ಉದ್ದಕ್ಕೆ ಮಲಗಿ, ದೊಡ್ಡದೊಂದು ತೇಗು ತೇಗಿ, ನಿದ್ದೆಹೋದ. ಈರಭದ್ರ ಕುಂಟುತ್ತ ಬಂದು ಇನ್ನೊಂದು ಪಕ್ಕದಲ್ಲಿ ನೆಲಕ್ಕೆ ಕೂತು, ಬಾತ ಬೆರಳನ್ನು ನೀವಿಕೊಳ್ಳತೊಡಗಿದ. ಬಿಸಿಲು ಇಳಿಯುವ ತನಕ ನಾನು ಅಲ್ಲಿಂದ ಏಳಲಿಲ್ಲ.